ಬೇಸ್‌ಬಾಲ್‌ನ ಟ್ರಿಪಲ್ ಯಾಕೆ ಅಪರೂಪವಾಯಿತು: ಹನ್ನೊಂದು ಸೆಕೆಂಡಿನ ಲೆಕ್ಕ

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟೂ ಇದೆ, ಬೇಸ್‌ಬಾಲೂ ಇದೆ. ಕ್ರಿಕೆಟ್ ನೋಡಲೆಂದು ಟಿವಿ ಮುಂದೆ ಕೂತವರ ಕಣ್ಣಿಗೆ ಬೇಸ್‌ಬಾಲ್ ಬೀಳದೆ ಇರುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಂತೂ ಶಾಲೆಯ ಮೈದಾನದಲ್ಲೇ ಈ ಆಟ ಕಲಿಯುತ್ತಾರೆ, ಊರಿನಿಂದ ಹೋದ ಅಜ್ಜ ಅಜ್ಜಿ ಬೇಲಿಯ ಪಕ್ಕ ಕೂತು ನೋಡುತ್ತಾರೆ. ನಿಯಮ ಸ್ವಲ್ಪ ತಿಳಿದ ಮೇಲೆ ಹುಟ್ಟುವ ಪ್ರಶ್ನೆಗಳಲ್ಲಿ ಒಂದು ಇದು: ಒಂದು ಬೇಸ್ ಓಡುವ ಹೊಡೆತ ಬೇಕಾದಷ್ಟಿದೆ, ಎರಡು ಬೇಸ್ ಓಡುವುದೂ ಇದೆ, ಗೋಡೆ ದಾಟುವ ಹೊಡೆತವೂ ಇದೆ. ಮೂರು ಬೇಸ್ ಓಡುವ ಹೊಡೆತ ಮಾತ್ರ ಯಾಕೆ ಕಾಣುವುದೇ ಇಲ್ಲ?

ಆ ಹೊಡೆತದ ಹೆಸರು ಟ್ರಿಪಲ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಮೇಜರ್ ಲೀಗ್‌ನಲ್ಲಿ ಎರಡೂ ತಂಡ ಸೇರಿ ಹೆಚ್ಚುಕಡಿಮೆ ಪಂದ್ಯಕ್ಕೊಂದು ಟ್ರಿಪಲ್ ಬರುತ್ತಿತ್ತು. ಈಗ ಮೂರು ನಾಲ್ಕು ಪಂದ್ಯಕ್ಕೆ ಒಂದು. 1912ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಓವನ್ ವಿಲ್ಸನ್ ಒಂದೇ ಸೀಸನ್‌ನಲ್ಲಿ 36 ಟ್ರಿಪಲ್ ಹೊಡೆದರು. 2007ರ ನಂತರ 20 ಮುಟ್ಟಿದವರೇ ಇಲ್ಲ. ಆ ವರ್ಷ ಡೆಟ್ರಾಯಿಟ್‌ನ ಕರ್ಟಿಸ್ ಗ್ರ್ಯಾಂಡರ್ಸನ್ 23, ಫಿಲಡೆಲ್ಫಿಯಾದ ಜಿಮ್ಮಿ ರಾಲಿನ್ಸ್ 20 ಹೊಡೆದಿದ್ದರು. ವೃತ್ತಿಜೀವನದ ದಾಖಲೆ ಸ್ಯಾಮ್ ಕ್ರಾಫರ್ಡ್ ಹೆಸರಿನಲ್ಲಿದೆ, 309. ಅವರು ಕೊನೆಯ ಪಂದ್ಯ ಆಡಿದ್ದು 1917ರಲ್ಲಿ. ಇಂದು ಆಡುತ್ತಿರುವವರಲ್ಲಿ ಒಬ್ಬರೂ 100 ತಲುಪಿಲ್ಲ.

ಆಟಗಾರರ ಓಟ ನಿಧಾನವಾಗಿಲ್ಲ. ಇಂದಿನವರು ತೂಕ, ಆಹಾರ, ತರಬೇತಿ ಎಲ್ಲವನ್ನೂ ಅಳೆದು ಸಿದ್ಧರಾದವರು. ಕಾರಣ ಹುಡುಕಬೇಕಾದದ್ದು ಕಾಲಿನಲ್ಲಲ್ಲ, ಚೆಂಡು ಮೈದಾನದೊಳಗೆ ಎಷ್ಟು ಹೊತ್ತು ಯಾರ ಕೈಗೂ ಸಿಗದೆ ಇರುತ್ತದೆ ಎಂಬುದರಲ್ಲಿ.

## ಮೊದಲು ಮೈದಾನದ ಪರಿಚಯ

ಪ್ರತಿ ಬದಿ 90 ಅಡಿ, ಅಂದರೆ ಸುಮಾರು 27.4 ಮೀಟರ್ ಇರುವ ಒಂದು ಚೌಕ ಊಹಿಸಿಕೊಳ್ಳಿ. ಅದರ ಒಂದು ಮೂಲೆಯಲ್ಲಿ ಬ್ಯಾಟರ್ ನಿಲ್ಲುತ್ತಾನೆ. ಆ ಮೂಲೆಗೆ ಹೋಮ್ ಪ್ಲೇಟ್ ಎಂದು ಹೆಸರು. ಅವನ ಬಲಗಡೆಯ ಮೂಲೆ ಮೊದಲ ಬೇಸ್, ಎದುರಿನದು ಎರಡನೆಯದು, ಎಡಗಡೆಯದು ಮೂರನೆಯದು. ಹೊಡೆದ ಮೇಲೆ ಈ ಕ್ರಮದಲ್ಲೇ ಓಡಬೇಕು. ನಾಲ್ಕೂ ಮೂಲೆ ಸುತ್ತಿ ಮತ್ತೆ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ರನ್. ಒಂದೇ ಹೊಡೆತಕ್ಕೆ ಪೂರ್ತಿ ಸುತ್ತಬೇಕಿಲ್ಲ. ಯಾವುದಾದರೂ ಬೇಸ್‌ನಲ್ಲಿ ನಿಂತು, ಮುಂದಿನ ಬ್ಯಾಟರ್ ಹೊಡೆದಾಗ ಮುಂದುವರಿಯಬಹುದು.

ಹೊಡೆತದಿಂದ ಮೊದಲ ಬೇಸ್‌ವರೆಗೆ ತಲುಪಿದರೆ ಸಿಂಗಲ್, ಎರಡನೆಯದಕ್ಕೆ ತಲುಪಿದರೆ ಡಬಲ್, ಮೂರನೆಯದಕ್ಕೆ ತಲುಪಿದರೆ ಟ್ರಿಪಲ್. ಚೆಂಡು ನೆಲ ಮುಟ್ಟದೆ ಹೊರಗೋಡೆ ದಾಟಿದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಫೀಲ್ಡರ್ ಕೈಚೆಲ್ಲಿದ್ದರಿಂದ ಮೂರನೇ ಬೇಸ್ ಸಿಕ್ಕಿದರೆ ಅದನ್ನು ಟ್ರಿಪಲ್ ಎಂದು ಬರೆಯುವುದಿಲ್ಲ, ಆ ಹೆಚ್ಚುವರಿ ಬೇಸ್ ಫೀಲ್ಡರ್‌ನ ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ.

ಹೋಮ್ ಪ್ಲೇಟ್‌ನಿಂದ ಮೊದಲ ಬೇಸ್ ಕಡೆಗೂ ಮೂರನೇ ಬೇಸ್ ಕಡೆಗೂ ಎಳೆದ ಎರಡು ಗೆರೆ ಗೋಡೆಯವರೆಗೂ ಹೋಗುತ್ತವೆ. ಹೊಡೆತ ಈ ಎರಡು ಗೆರೆಯ ನಡುವೆಯೇ ಬೀಳಬೇಕು. ಕ್ರಿಕೆಟ್‌ನ ಹಾಗೆ ವಿಕೆಟ್ ಹಿಂದೆ ತಳ್ಳಿ ರನ್ ಕದಿಯುವಂತಿಲ್ಲ. ಚೌಕದ ಆಚೆಗಿನ ಹುಲ್ಲುಹಾಸನ್ನು ಕಾಯುವವರು ಮೂವರು: ಎಡ, ಮಧ್ಯ, ಬಲ ಔಟ್‌ಫೀಲ್ಡರ್‌ಗಳು. ಅಷ್ಟು ದೊಡ್ಡ ಜಾಗಕ್ಕೆ ಮೂವರೇ ಎಂಬುದನ್ನು ನೆನಪಿಡಿ.

ಕ್ರಿಕೆಟ್‌ನಿಂದ ಬಂದವರು ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಉರುಳುತ್ತಾ ಹೋದ ಚೆಂಡು ಹಗ್ಗ ಮುಟ್ಟಿದರೆ ನಾಲ್ಕು ರನ್, ಓಟ ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಉರುಳಿದ ಚೆಂಡು ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ, ಆಟ ನಿಲ್ಲುವುದಿಲ್ಲ. ಫೀಲ್ಡರ್ ಅದನ್ನು ಹಿಡಿದು ಎಸೆಯುವವರೆಗೂ ಬ್ಯಾಟರ್ ಓಡುತ್ತಲೇ ಇರಬಹುದು. ಟ್ರಿಪಲ್ ಹುಟ್ಟುವುದು ಈ ಅವಕಾಶದಲ್ಲಿ. ಆದರೆ ಚೆಂಡು ಒಮ್ಮೆ ನೆಲಕ್ಕೆ ಬಡಿದು ಪುಟಿದು ಗೋಡೆಯ ಆಚೆ ಹೋದರೆ ನಿಯಮದಂತೆ ಎರಡು ಬೇಸ್ ಮಾತ್ರ. ಓಟಗಾರ ಎಷ್ಟೇ ವೇಗಿಯಾಗಿದ್ದರೂ ಅಲ್ಲಿಗೇ ನಿಲ್ಲಬೇಕು.

## ಮೂರನೇ ಬೇಸ್‌ಗೆ ಎಷ್ಟು ಹೊತ್ತು ಬೇಕು

ಮೂರು ಬೇಸ್ ಅಂದರೆ 270 ಅಡಿ, 82 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಕ್ರಿಕೆಟ್‌ನಲ್ಲಿ ಮೂರು ರನ್ ಓಡಲು ಕ್ರೀಸ್‌ನಿಂದ ಕ್ರೀಸ್‌ಗೆ ಲೆಕ್ಕ ಹಾಕಿದರೆ ಸುಮಾರು 53 ಮೀಟರ್ ಸಾಕು. ಬೇಸ್‌ಬಾಲ್ ಓಟಗಾರ ನೆಟ್ಟಗೆ ಓಡುವುದೂ ಇಲ್ಲ. ಚೌಕದ ಮೂಲೆಯಲ್ಲಿ ಥಟ್ಟನೆ ತಿರುಗಿದರೆ ವೇಗ ಸತ್ತುಹೋಗುತ್ತದೆ. ಅದಕ್ಕೆ ಬೇಸ್‌ಗೆ ಹಲವು ಅಡಿ ಮೊದಲೇ ಹೊರಗಡೆಗೆ ವಾಲಿ, ಬಿಲ್ಲಿನ ಹಾಗೆ ಬಾಗಿ, ಬೇಸ್‌ನ ಒಳಮೂಲೆಯನ್ನು ಕಾಲಲ್ಲಿ ತುಳಿದು ಹೋಗುತ್ತಾನೆ. ಹಾಗಾಗಿ ನಿಜವಾಗಿ ಓಡುವ ದೂರ 270 ಅಡಿಗಿಂತ ಹೆಚ್ಚೇ.

ಮೇಜರ್ ಲೀಗ್‌ನ ಸಾಮಾನ್ಯ ಆಟಗಾರನ ಪೂರ್ಣ ವೇಗ ಸೆಕೆಂಡಿಗೆ 27 ಅಡಿ. 30 ಅಡಿ ಮುಟ್ಟಿದವರು ಅತಿ ವೇಗಿಗಳ ಸಾಲಿಗೆ ಸೇರುತ್ತಾರೆ. ನಿಂತಲ್ಲಿಂದ ವೇಗ ಹಿಡಿಯುವುದು, ತಿರುವುಗಳು ಎಲ್ಲ ಸೇರಿ ವೇಗದ ಓಟಗಾರನಿಗೆ ಮೂರನೇ ಬೇಸ್ ಮುಟ್ಟಲು ಸುಮಾರು 11 ಸೆಕೆಂಡು ಹಿಡಿಯುತ್ತದೆ, ಸಾಮಾನ್ಯನಿಗೆ 12ರ ಹತ್ತಿರ.

ಈಗ ಇನ್ನೊಂದು ಕಡೆಯ ಗಡಿಯಾರ ನೋಡೋಣ. ಔಟ್‌ಫೀಲ್ಡರ್ ಗೋಡೆಯ ಬುಡದಲ್ಲಿ ಚೆಂಡು ಎತ್ತಿಕೊಂಡ ಮೇಲೆ ಅಲ್ಲಿಂದ ಮೂರನೇ ಬೇಸ್‌ಗೆ ನೇರ ಎಸೆಯುವುದು ಕಡಿಮೆ. ಅಷ್ಟು ದೂರದ ಎಸೆತ ಎತ್ತರಕ್ಕೆ ಹೋಗಿ ವೇಗ ಕಳೆದುಕೊಳ್ಳುತ್ತದೆ, ದಿಕ್ಕೂ ತಪ್ಪುತ್ತದೆ. ಹಾಗಾಗಿ ಒಳಗಿನ ಫೀಲ್ಡರ್ ಒಬ್ಬ ಹುಲ್ಲಿನ ಮೇಲೆ ಅರ್ಧ ದಾರಿಗೆ ಓಡಿ ಬಂದು ಕೈ ಎತ್ತಿ ನಿಲ್ಲುತ್ತಾನೆ. ಇವನಿಗೆ ಕಟ್‌ಆಫ್ ಎನ್ನುತ್ತಾರೆ. ಚೆಂಡು ಅವನ ಎದೆಯ ಎತ್ತರಕ್ಕೆ ಬರಬೇಕು. ಅವನು ಹಿಡಿಯುತ್ತಲೇ ತಿರುಗಿ ಮೂರನೇ ಬೇಸ್‌ಗೆ ಎಸೆಯುತ್ತಾನೆ. ಎರಡು ಎಸೆತ, ಎರಡು ಸಲ ಹಿಡಿದು ಬಿಡುವ ಹೊತ್ತು, ಎಲ್ಲ ಸೇರಿ ಸರಿಸುಮಾರು ನಾಲ್ಕೂವರೆಯಿಂದ ಐದು ಸೆಕೆಂಡು.

11ರಲ್ಲಿ ಇದನ್ನು ಕಳೆಯಿರಿ, ಆರು ಅಥವಾ ಆರೂವರೆ ಸೆಕೆಂಡು ಉಳಿಯಿತು. ಬ್ಯಾಟಿಗೆ ತಾಗಿದ ಕ್ಷಣದಿಂದ ಅಷ್ಟು ಹೊತ್ತು ಚೆಂಡು ಯಾರ ಕೈಗೂ ಸಿಗದೆ ಮೈದಾನದೊಳಗೇ ಇದ್ದರೆ ವೇಗದ ಓಟಗಾರನಿಗೆ ಟ್ರಿಪಲ್. ಅದಕ್ಕಿಂತ ಒಂದು ಸೆಕೆಂಡು ಮೊದಲು ಸಿಕ್ಕರೆ ಅದೇ ಹೊಡೆತ ಡಬಲ್. ಇದು ಸ್ಥೂಲ ಲೆಕ್ಕವಾದರೂ ಮುಂದಿನ ಮಾತೆಲ್ಲ ಈ ಆರೂವರೆ ಸೆಕೆಂಡಿನ ಸುತ್ತಲೇ ಇದೆ.

ಚೆಂಡು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಎಡಗೆರೆಯ ತುದಿಯಲ್ಲಿ, ಹೋಮ್ ಪ್ಲೇಟ್‌ನಿಂದ 325 ಅಡಿ ದೂರದಲ್ಲಿ ಚೆಂಡು ಸಿಕ್ಕಿತು ಎಂದುಕೊಳ್ಳಿ. ಮೂರನೇ ಬೇಸ್ ಅದೇ ಗೆರೆಯ ಮೇಲಿದೆ, ಹಾಗಾಗಿ ಎಸೆತದ ದೂರ 325ರಲ್ಲಿ 90 ಕಳೆದರೆ 235 ಅಡಿ. ಬಲಗೆರೆಯ ತುದಿಯಲ್ಲಿ ಅಷ್ಟೇ ದೂರದಲ್ಲಿ ಸಿಕ್ಕಿದರೆ ಎಸೆತ ಇಡೀ ಮೈದಾನವನ್ನು ಅಡ್ಡಹಾಯಬೇಕು, ಸುಮಾರು 337 ಅಡಿ. ಇಷ್ಟರಲ್ಲೇ 100 ಅಡಿ ವ್ಯತ್ಯಾಸ. ಟ್ರಿಪಲ್‌ಗಳು ಬಹುಪಾಲು ಬಲ ಮೂಲೆಯಲ್ಲಿ, ಇಲ್ಲವೇ ಮಧ್ಯ ಮತ್ತು ಬಲ ಫೀಲ್ಡರ್‌ಗಳ ನಡುವಿನ ಸಂದಿಯಲ್ಲಿ ಹುಟ್ಟುವುದು ಇದಕ್ಕೇ. ಎಡಗೈ ಬ್ಯಾಟರ್‌ಗಳಿಗೆ ಇಲ್ಲಿ ಎರಡು ಅನುಕೂಲ: ಎಳೆದು ಹೊಡೆದರೆ ಚೆಂಡು ಸಹಜವಾಗಿ ಬಲಕ್ಕೇ ಹೋಗುತ್ತದೆ, ಜೊತೆಗೆ ಅವರು ನಿಲ್ಲುವ ಜಾಗ ಮೊದಲ ಬೇಸ್‌ಗೆ ಕೆಲವು ಅಡಿ ಹತ್ತಿರ.

## ಗೋಡೆಗಳು ಒಳಕ್ಕೆ ಬಂದವು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೂರು ರನ್ ಓಡುವುದನ್ನು ಎಷ್ಟು ಸಲ ನೋಡಿದ್ದೀರಿ? ಸಂದಿಯಲ್ಲಿ ನುಗ್ಗಿದ ಚೆಂಡು ನೋಡನೋಡುತ್ತಲೇ ಹಗ್ಗ ಮುಟ್ಟಿರುತ್ತದೆ. ಮೆಲ್ಬರ್ನ್ ಮೈದಾನದಲ್ಲಿ ಅದೇ ಹೊಡೆತಕ್ಕೆ ಮೂರು ಓಡುತ್ತಾರೆ. ಬೇಸ್‌ಬಾಲ್‌ನಲ್ಲೂ ಹೀಗೇ, ಮೂರರ ಸಂಖ್ಯೆಯನ್ನು ಹುಲ್ಲುಹಾಸಿನ ವಿಸ್ತಾರ ತೀರ್ಮಾನಿಸುತ್ತದೆ.

ವಿಲ್ಸನ್ 36 ಹೊಡೆದ ವರ್ಷ ಅವರ ತಂಡದ ತವರು ಮೈದಾನ ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್. 1909ರಲ್ಲಿ ಕಟ್ಟಿದ ಆ ಮೈದಾನದ ಅತಿ ಆಳದ ಭಾಗ 450 ಅಡಿ ದಾಟಿತ್ತು. ಆ 36ರಲ್ಲಿ 24 ಹುಟ್ಟಿದ್ದು ಅಲ್ಲೇ. ಅದೇ ವರ್ಷ ವಿಲ್ಸನ್ ಹೊಡೆದ ಹೋಮ್ ರನ್ 11 ಮಾತ್ರ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಎರಡು ಬದಿಯ ಗೋಡೆ ತೀರಾ ಹತ್ತಿರ, ಮಧ್ಯದ ಗೋಡೆ ಮಾತ್ರ ಬಹುಕಾಲ 480 ಅಡಿಯ ಆಸುಪಾಸಿನಲ್ಲಿತ್ತು. ಸುಮಾರು 147 ಮೀಟರ್! ಅಲ್ಲಿ ಫೀಲ್ಡರ್‌ನ ತಲೆ ದಾಟಿದ ಚೆಂಡು ಉರುಳುತ್ತಾ ಉರುಳುತ್ತಾ ಹೋಗುತ್ತಿತ್ತು, ಫೀಲ್ಡರ್ ಬೆನ್ನು ತೋರಿಸಿ ಓಡುತ್ತಿದ್ದ. ಆರೂವರೆ ಸೆಕೆಂಡು ಅಲ್ಲಿ ಏನೇನೂ ಅಲ್ಲ.

ಹಳೆಯ ಮೈದಾನಗಳ ಆಕಾರಕ್ಕೆ ಯಾವ ನಿಯಮವೂ ಇರಲಿಲ್ಲ. ಪಟ್ಟಣದ ಬೀದಿಗಳ ನಡುವೆ ಸಿಕ್ಕಿದ ಜಾಗದಲ್ಲಿ ಮೈದಾನ ಮಾಡುತ್ತಿದ್ದರು, ಬೀದಿ ಎಲ್ಲಿ ತಿರುಗಿತೋ ಗೋಡೆಯೂ ಅಲ್ಲೇ ತಿರುಗುತ್ತಿತ್ತು. ಮಧ್ಯದ ಗೋಡೆ ದೂರವಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಅಷ್ಟು ದೂರ ಹೊಡೆಯುವವರೇ ಇಲ್ಲ ಎಂಬ ನಂಬಿಕೆ. 1960, 70ರ ದಶಕದಲ್ಲಿ ಬೇಸ್‌ಬಾಲ್‌ಗೂ ಅಮೆರಿಕನ್ ಫುಟ್‌ಬಾಲ್‌ಗೂ ಒಗ್ಗುವ ದುಂಡನೆಯ ಕ್ರೀಡಾಂಗಣಗಳು ಬಂದವು. ಅಲ್ಲಿ ಎಡಬಲ ಒಂದೇ ಅಳತೆ, ಬದಿಯಲ್ಲಿ 330 ಅಡಿ, ಮಧ್ಯದಲ್ಲಿ 400 ಅಡಿಯ ಆಸುಪಾಸು. ಮೂಲೆಮುಡುಕುಗಳು ಮಾಯವಾದವು, 450 ಅಡಿಯ ಆಳವೂ ಹೋಯಿತು.

ಉಳಿದಿದ್ದ ಆಳವನ್ನೂ ಈಚೆಗೆ ಕತ್ತರಿಸಿದ್ದಾರೆ. ಹ್ಯೂಸ್ಟನ್ ಮೈದಾನದಲ್ಲಿ ಮಧ್ಯದ ಗೋಡೆ 436 ಅಡಿ ದೂರವಿತ್ತು, ಅದರ ಮುಂದೆ ಆಟದ ಒಳಗೇ ಒಂದು ಹುಲ್ಲಿನ ದಿಬ್ಬ, ಆ ದಿಬ್ಬದ ಮೇಲೊಂದು ಧ್ವಜಕಂಬ. 2016ರ ಸೀಸನ್ ಮುಗಿದ ಮೇಲೆ ಅದನ್ನು ತೆಗೆದು ಗೋಡೆಯನ್ನು 409 ಅಡಿಗೆ ತಂದರು. ಸ್ಯಾನ್ ಫ್ರಾನ್ಸಿಸ್ಕೊ ಮೈದಾನದ ಬಲ ಮಧ್ಯ ಭಾಗಕ್ಕೆ ಜನ ಇಟ್ಟ ಹೆಸರೇ ಟ್ರಿಪಲ್ಸ್ ಆ್ಯಲಿ, ಅಂದರೆ ಟ್ರಿಪಲ್‌ಗಳ ಓಣಿ. ಅದು 421 ಅಡಿ ಇತ್ತು, 2020ರಲ್ಲಿ 415 ಆಯಿತು. ಬದಲಿ ಪಿಚರ್‌ಗಳು, ಅಂದರೆ ನಮ್ಮ ಬೌಲರ್‌ನ ಹಾಗೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಕೈ ಬೆಚ್ಚಗಾಗಿಸಿಕೊಳ್ಳುವ ಜಾಗ ಅದುವರೆಗೆ ಆಟದ ಅಂಚಿನಲ್ಲೇ ಇದ್ದು, ಕ್ಯಾಚ್‌ಗೆ ಓಡಿಬಂದವರು ಎಡವುವ ಅಪಾಯವಿತ್ತು. ಅದನ್ನು ಗೋಡೆಯ ಹಿಂದಕ್ಕೆ ಸಾಗಿಸಲು ಗೋಡೆ ಒಳಕ್ಕೆ ಬರಬೇಕಾಯಿತು. ಗ್ರ್ಯಾಂಡರ್ಸನ್ 23 ಹೊಡೆದ ಡೆಟ್ರಾಯಿಟ್ ಮೈದಾನದಲ್ಲೂ 2023ರಲ್ಲಿ ಮಧ್ಯದ 420 ಅಡಿಯನ್ನು 412ಕ್ಕೆ ಇಳಿಸಿದರು.

ಆರೆಂಟು ಅಡಿ ಏನು ಮಹಾ ಎನಿಸಬಹುದು. ಗೋಡೆ ಒಳಕ್ಕೆ ಬಂದಾಗ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲು ಗೋಡೆಗೆ ಬಡಿಯುತ್ತಿದ್ದ ಕೆಲವು ಹೊಡೆತ ಈಗ ಗೋಡೆ ದಾಟಿ ಹೋಮ್ ರನ್ ಆಗುತ್ತವೆ. ಮೊದಲು ಗೋಡೆಯ ಹತ್ತಿರ ಉರುಳುತ್ತಿದ್ದವು ಈಗ ಬೇಗ ಗೋಡೆಗೆ ತಾಗಿ ಫೀಲ್ಡರ್ ಕಡೆಗೇ ವಾಪಸ್ ಪುಟಿಯುತ್ತವೆ, ಹಾಗಾಗಿ ಡಬಲ್ ಆಗುತ್ತವೆ.

## ಚೆಂಡು ಬದಲಾಯಿತು, ಹೊಡೆಯುವ ಗುರಿಯೂ ಬದಲಾಯಿತು

1920ಕ್ಕೆ ಮುಂಚಿನ ಎರಡು ದಶಕಕ್ಕೆ ಡೆಡ್ ಬಾಲ್ ಕಾಲ ಎನ್ನುತ್ತಾರೆ. ಒಂದೇ ಚೆಂಡನ್ನು ಎಷ್ಟೋ ಹೊತ್ತು ಆಡುತ್ತಿದ್ದರು. ಅದು ಮೆತ್ತಗಾಗಿ, ಮಣ್ಣು ಮೆತ್ತಿಕೊಂಡು ಕಪ್ಪಾಗಿರುತ್ತಿತ್ತು. ಪಿಚರ್‌ಗಳು ಅದಕ್ಕೆ ಎಂಜಲು, ತಂಬಾಕಿನ ರಸ ಬಳಿಯುವುದು ಕಾನೂನುಬದ್ಧವಾಗಿತ್ತು. ಅಂಥ ಚೆಂಡನ್ನು ಗೋಡೆ ದಾಟಿಸುವುದು ಕಷ್ಟ. ಬ್ಯಾಟರ್‌ಗಳು ಫೀಲ್ಡರ್‌ಗಳ ನಡುವೆ ನುಗ್ಗಿಸಿ ಓಡುವುದನ್ನೇ ಕಲಿತರು. ಆಗ ಲೀಗ್‌ನಲ್ಲಿ ಹೋಮ್ ರನ್‌ಗಿಂತ ಟ್ರಿಪಲ್‌ಗಳೇ ಹೆಚ್ಚು. ಇಂದಿನವರಿಗೆ ಇದು ತಲೆಕೆಳಗಾದ ಲೋಕದಂತೆ ಕಾಣುತ್ತದೆ.

1920ರಲ್ಲಿ ಎಂಜಲು ಬಳಿಯುವುದನ್ನು ನಿಷೇಧಿಸುವ ನಿಯಮ ಬಂತು. ಅದೇ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್ಮನ್ ತಲೆಗೆ ಚೆಂಡು ಬಡಿದು ತೀರಿಕೊಂಡರು. ಆ ಬಳಿಕ ಕೊಳೆಯಾದ ಚೆಂಡನ್ನು ಆಗಾಗ ಬದಲಿಸಿ ಬೆಳ್ಳಗಿನ ಹೊಸ ಚೆಂಡು ಕೊಡುವುದು ರೂಢಿಯಾಯಿತು. ಅದೇ ವರ್ಷ ಬೇಬ್ ರೂತ್ 54 ಹೋಮ್ ರನ್ ಹೊಡೆದರು, ಹಿಂದಿನ ವರ್ಷದ ಅವರದೇ ದಾಖಲೆ 29. ಗೋಡೆ ದಾಟಿಸಿದರೆ ಓಡುವ ಕಷ್ಟವಿಲ್ಲ, ಔಟಾಗುವ ಭಯವಿಲ್ಲ, ನೇರವಾಗಿ ರನ್. ಇದನ್ನು ಕಂಡ ಮೇಲೆ ಉಳಿದವರೂ ಆ ದಾರಿ ಹಿಡಿದರು.

ಈಗ ಆ ದಾರಿ ಪೂರಾ ಅಳತೆಗೆ ಸಿಕ್ಕಿದೆ. 2015ರಿಂದ ಎಲ್ಲ ಮೇಜರ್ ಲೀಗ್ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಪ್ರತಿ ಚೆಂಡನ್ನೂ ಪ್ರತಿ ಓಟವನ್ನೂ ಅಳೆಯುತ್ತದೆ. ಬ್ಯಾಟಿನಿಂದ ಚೆಂಡು ಎಷ್ಟು ಡಿಗ್ರಿ ಮೇಲಕ್ಕೆ ಏಳುತ್ತದೆ ಎಂಬುದಕ್ಕೆ ಲಾಂಚ್ ಆ್ಯಂಗಲ್ ಎಂದು ಹೆಸರು. 10ರಿಂದ 25 ಡಿಗ್ರಿಯದು ಲೈನ್ ಡ್ರೈವ್, ಅಂದರೆ ತಲೆಯ ಮೇಲೆ ಹಾದು ಸಂದಿಯಲ್ಲಿ ಬಿದ್ದು ಉರುಳುವ ಹೊಡೆತ. ಟ್ರಿಪಲ್‌ಗೆ ಹೇಳಿ ಮಾಡಿಸಿದ್ದು ಇದು. 25ರಿಂದ 35 ಡಿಗ್ರಿ ಹೋಮ್ ರನ್‌ನ ಕೋನ. ತರಬೇತಿ ಈಗ ಎರಡನೆಯದನ್ನು ಗುರಿಯಾಗಿಸಿಕೊಂಡಿದೆ. ಆ ಕೋನದಲ್ಲಿ ಎದ್ದ ಚೆಂಡು ಗೋಡೆ ದಾಟದಿದ್ದರೆ ಸಾಮಾನ್ಯವಾಗಿ ಕ್ಯಾಚ್ ಆಗುತ್ತದೆ. ಎರಡೂ ಕಡೆ ಟ್ರಿಪಲ್‌ಗೆ ಜಾಗವಿಲ್ಲ. 2019ರಲ್ಲಿ ಲೀಗ್‌ನ ಒಟ್ಟು ಹೋಮ್ ರನ್ 6,776, ಇದುವರೆಗಿನ ದಾಖಲೆ. ಟ್ರಿಪಲ್‌ಗಳು ಅದೇ ವರ್ಷ 800ನ್ನೂ ಮುಟ್ಟಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಬದಲಾವಣೆ. ಜೋರಾಗಿ ಮೇಲಕ್ಕೆ ಬೀಸುವವನು ಹೆಚ್ಚು ಸಲ ತಪ್ಪುತ್ತಾನೆ, ಎಸೆಯುವವರೂ ಹಿಂದೆಂದಿಗಿಂತ ವೇಗಿಗಳು. ಬೀಸಿ ತಪ್ಪಿದರೆ, ಅಥವಾ ಹೊಡೆಯಬಹುದಾದ ಎಸೆತವನ್ನು ಬಿಟ್ಟರೆ ಅದು ಸ್ಟ್ರೈಕ್. ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟಾಗುವುದು ಸ್ಟ್ರೈಕ್‌ಔಟ್. 2018ರಲ್ಲಿ ಮೊದಲ ಬಾರಿಗೆ ಒಂದು ಸೀಸನ್‌ನ ಒಟ್ಟು ಸ್ಟ್ರೈಕ್‌ಔಟ್ ಒಟ್ಟು ಹಿಟ್‌ಗಳನ್ನು, ಅಂದರೆ ಸಿಂಗಲ್‌ನಿಂದ ಹೋಮ್ ರನ್‌ವರೆಗಿನ ಎಲ್ಲ ಹೊಡೆತಗಳನ್ನು, ಮೀರಿತು. ಮೈದಾನದೊಳಗೆ ಬೀಳುವ ಚೆಂಡೇ ಕಡಿಮೆಯಾದರೆ ಟ್ರಿಪಲ್‌ಗೆ ಕಚ್ಚಾವಸ್ತುವೇ ಕಡಿಮೆಯಾದಂತೆ.

## ನಡುವೆ ಒಮ್ಮೆ ಮರಳಿ ಬಂದಿತ್ತು

ಇಳಿಕೆಯ ಈ ಕಥೆಯಲ್ಲಿ ಒಂದು ಉಬ್ಬು ಇದೆ, ಕಾರಣ ಅರ್ಥವಾಗಲು ಅದೇ ಒಳ್ಳೆಯ ಪುರಾವೆ. 1966ರಲ್ಲಿ ಹ್ಯೂಸ್ಟನ್‌ನ ಮುಚ್ಚಿದ ಕ್ರೀಡಾಂಗಣ ಆ್ಯಸ್ಟ್ರೊಡೋಮ್‌ನಲ್ಲಿ ಕೃತಕ ಹುಲ್ಲು ಹಾಸಿದರು. 1970ರ ದಶಕದಲ್ಲಿ ಅದು ಅನೇಕ ಊರುಗಳಿಗೆ ಹಬ್ಬಿತು. ಆಗಿನ ಕೃತಕ ಹಾಸು ತೆಳುವಾದ ರತ್ನಗಂಬಳಿಯಂತೆ, ಅದರ ಕೆಳಗೆ ಗಟ್ಟಿ ನೆಲ. ಸಂದಿಯಲ್ಲಿ ಬಿದ್ದ ಚೆಂಡು ವೇಗ ಕಳೆದುಕೊಳ್ಳದೆ ಗೋಡೆಯವರೆಗೂ ಜಾರಿಹೋಗುತ್ತಿತ್ತು. ಫೀಲ್ಡರ್ ಅಡ್ಡ ಬಂದು ತಡೆಯುವಷ್ಟರಲ್ಲಿ ಅದು ದಾಟಿಹೋಗಿರುತ್ತಿತ್ತು.

ಕ್ಯಾನ್ಸಸ್ ಸಿಟಿಯ ವಿಶಾಲ ಮೈದಾನದಲ್ಲಿ ಇದರ ಪೂರ್ಣ ಲಾಭ ಸಿಕ್ಕಿತು. ಅಲ್ಲಿನ ಜಾರ್ಜ್ ಬ್ರೆಟ್ 1979ರಲ್ಲಿ 20, ವಿಲ್ಲಿ ವಿಲ್ಸನ್ 1985ರಲ್ಲಿ 21 ಟ್ರಿಪಲ್ ಹೊಡೆದರು. ಇಂಥ ಮೈದಾನಗಳ ತಂಡಗಳು ವೇಗದ ಓಟಗಾರರನ್ನೇ ಹುಡುಕಿ ಸೇರಿಸಿಕೊಳ್ಳುತ್ತಿದ್ದವು. ಆದರೆ ಗಟ್ಟಿ ನೆಲ ಮೊಣಕಾಲಿಗೆ ಒಳ್ಳೆಯದಲ್ಲ, ಬಿಸಿಲಿಗೆ ಕಾದು ಕಾಲು ಸುಡುತ್ತಿತ್ತು. ಕ್ಯಾನ್ಸಸ್ ಸಿಟಿ 1995ರಲ್ಲಿ, ಸೇಂಟ್ ಲೂಯಿಸ್ 1996ರಲ್ಲಿ ಸಹಜ ಹುಲ್ಲಿಗೆ ಮರಳಿದವು. ಈಗ ಕೆಲವೆಡೆ ಇರುವ ಕೃತಕ ಹಾಸು ಬೇರೆ ಬಗೆಯದು, ಎಳೆಗಳು ಉದ್ದ, ನಡುವೆ ತುಂಬಿದ ಪುಡಿ ಚೆಂಡನ್ನು ನಿಧಾನಿಸುತ್ತದೆ.

## ಕಾಯುವವರು ಹಿಂದೆ ಸರಿದರು

ಕ್ರಿಕೆಟ್‌ನಲ್ಲಿ ನಾಯಕ ಫೀಲ್ಡರ್‌ನನ್ನು ಬೌಂಡರಿಗೆ ಕಳಿಸಿ, ಒಂದು ರನ್ ಹೋದರೆ ಹೋಗಲಿ ನಾಲ್ಕು ಬೇಡ ಎನ್ನುತ್ತಾನಲ್ಲ, ಬೇಸ್‌ಬಾಲ್ ತಂಡಗಳೂ ಅದನ್ನೇ ಮಾಡಿವೆ. ಮೇಜರ್ ಲೀಗ್‌ನ ಮಧ್ಯ ಫೀಲ್ಡರ್ ಈಗ ಹೋಮ್ ಪ್ಲೇಟ್‌ನಿಂದ ಸುಮಾರು 320 ಅಡಿ ದೂರ ನಿಲ್ಲುತ್ತಾನೆ. 2015ರಲ್ಲಿ ಅಳತೆ ಶುರುವಾದಾಗ ನಿಲ್ಲುತ್ತಿದ್ದ ಜಾಗಕ್ಕಿಂತ ಇದು ಹಲವು ಅಡಿ ಹಿಂದೆ.

ಮುಂದೆ ನಿಂತರೆ ಎದುರಿಗೆ ಬೀಳುವ ಕೆಲವು ಸಿಂಗಲ್‌ಗಳನ್ನು ಕ್ಯಾಚ್ ಹಿಡಿಯಬಹುದು, ಆದರೆ ತಲೆ ದಾಟಿದ್ದು ಡಬಲ್ ಅಥವಾ ಟ್ರಿಪಲ್. ಹಿಂದೆ ನಿಂತರೆ ಸಿಂಗಲ್ ಬಿಟ್ಟುಕೊಡಬೇಕು, ದೊಡ್ಡ ಹೊಡೆತ ಹಿಡಿಯಬಹುದು. ಬ್ಯಾಟರ್‌ಗಳೆಲ್ಲ ಮೇಲಕ್ಕೆ ಹೊಡೆಯುವ ಕಾಲದಲ್ಲಿ ಹಿಂದೆ ನಿಲ್ಲುವುದೇ ಲಾಭ. ಇದಲ್ಲದೆ ಯಾವ ಬ್ಯಾಟರ್ ಎಲ್ಲಿಗೆ ಹೊಡೆಯುತ್ತಾನೆ ಎಂಬ ಚೀಟಿ ಪ್ರತಿ ಔಟ್‌ಫೀಲ್ಡರ್‌ನ ಜೇಬಿನಲ್ಲೋ ಟೋಪಿಯೊಳಗೋ ಇರುತ್ತದೆ. ಬ್ಯಾಟರ್ ಬದಲಾದಾಗ ಅವರು ಚೀಟಿ ನೋಡಿ ನಾಲ್ಕು ಹೆಜ್ಜೆ ಸರಿಯುವುದನ್ನು ಟಿವಿಯಲ್ಲೇ ಕಾಣಬಹುದು. ನಾಲ್ಕು ಹೆಜ್ಜೆ ಅಂದರೆ ಹತ್ತಿರ ಹತ್ತಿರ ಅರ್ಧ ಸೆಕೆಂಡು, ನಮ್ಮ ಆರೂವರೆಯಲ್ಲಿ ಅಷ್ಟು ಹೋಯಿತು. ನೂರು ವರ್ಷದ ಹಿಂದಿನ ಕೈಗವಸು ಅಂಗೈಗಿಂತ ಕೊಂಚ ದೊಡ್ಡದಿತ್ತು, ಇಂದಿನದು ಬುಟ್ಟಿಯಂತೆ ಎಂಬುದನ್ನೂ ಸೇರಿಸಿಕೊಳ್ಳಿ.

## ಓಡಬೇಕೋ, ನಿಲ್ಲಬೇಕೋ

ಇಷ್ಟೆಲ್ಲ ಆದ ಮೇಲೂ ಕೆಲವು ಹೊಡೆತಗಳಿಗೆ ಮೂರನೇ ಬೇಸ್‌ನ ಅವಕಾಶ ಉಳಿದಿರುತ್ತದೆ. ಆಗಲೂ ಓಟಗಾರ ಎರಡರಲ್ಲೇ ನಿಲ್ಲುತ್ತಾನೆ. ಇದನ್ನು ಹೇಡಿತನ ಎನ್ನುವುದು ತಪ್ಪು. ಲೆಕ್ಕ ಹಾಗಿದೆ.

ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ಎಷ್ಟು ಔಟ್ ಆಗಿದೆ, ಯಾವ ಬೇಸ್‌ನಲ್ಲಿ ಓಟಗಾರನಿದ್ದಾನೆ ಎಂಬ ಪ್ರತಿ ಸ್ಥಿತಿಗೂ ಅಲ್ಲಿಂದ ಸರದಿ ಮುಗಿಯುವವರೆಗೆ ಸರಾಸರಿ ಎಷ್ಟು ರನ್ ಬರುತ್ತದೆ ಎಂದು ಸಾವಿರಾರು ಪಂದ್ಯಗಳಿಂದ ಲೆಕ್ಕ ತೆಗೆದಿದ್ದಾರೆ. ಅಂಕಿ ವರ್ಷದಿಂದ ವರ್ಷಕ್ಕೆ ಚೂರು ಏರಿಳಿಯುತ್ತದೆ, ಸ್ಥೂಲವಾಗಿ ಹೀಗೆ: ಒಬ್ಬರೂ ಔಟಾಗಿಲ್ಲ, ಓಟಗಾರ ಎರಡನೇ ಬೇಸ್‌ನಲ್ಲಿದ್ದಾನೆ, ಆಗ 1.10 ರನ್. ಮೂರನೇ ಬೇಸ್‌ನಲ್ಲಿದ್ದರೆ 1.35. ಮೂರಕ್ಕೆ ಓಡಿ ಔಟಾಗಿಬಿಟ್ಟರೆ ಬೇಸ್ ಖಾಲಿ, ಒಂದು ಔಟ್, ಉಳಿಯುವುದು 0.26.

ಇಂಥದೇ ಸ್ಥಿತಿ ಹತ್ತು ಸಲ ಬಂತು ಎನ್ನಿ. ಹತ್ತೂ ಸಲ ಎರಡನೇ ಬೇಸ್‌ನಲ್ಲೇ ನಿಂತರೆ 11 ರನ್. ಹತ್ತೂ ಸಲ ಓಡಿ ಏಳು ಸಲ ಗೆದ್ದು ಮೂರು ಸಲ ಔಟಾದರೆ 10.23, ಅಂದರೆ ನಷ್ಟ. ಎಂಟು ಸಲ ಗೆದ್ದರೆ 11.32, ಅಲ್ಪ ಲಾಭ. ನೂರಕ್ಕೆ 77 ಸಲವಾದರೂ ಗೆಲ್ಲುವ ಭರವಸೆ ಇದ್ದರೆ ಮಾತ್ರ ಓಡಬೇಕು. ಕಾಲುಭಾಗ ರನ್‌ನ ಆಸೆಗೆ ಮುಕ್ಕಾಲಿಗಿಂತ ಹೆಚ್ಚನ್ನು ಪಣಕ್ಕಿಡುವ ವ್ಯವಹಾರ ಇದು.

ಇಬ್ಬರು ಔಟಾಗಿದ್ದಾಗ ಇನ್ನೂ ಕಷ್ಟ. ಎರಡನೇ ಬೇಸ್‌ನಲ್ಲಿದ್ದರೆ 0.32, ಮೂರರಲ್ಲಿದ್ದರೆ 0.36, ಹೆಚ್ಚಿನ ವ್ಯತ್ಯಾಸವಿಲ್ಲ. ಯಾಕೆಂದರೆ ಎರಡು ಔಟಾದ ಮೇಲೆ ಒಳ್ಳೆಯ ಸಿಂಗಲ್ ಬಿದ್ದರೆ ಓಟಗಾರ ಎರಡರಲ್ಲಿದ್ದರೂ ಮೂರರಲ್ಲಿದ್ದರೂ ಮನೆ, ಅಂದರೆ ಹೋಮ್ ಪ್ಲೇಟ್, ಮುಟ್ಟುತ್ತಾನೆ. ಆಗ ಓಡಲು ನೂರಕ್ಕೆ ಸುಮಾರು 89ರ ಖಾತ್ರಿ ಬೇಕು. ಒಬ್ಬ ಔಟಾಗಿದ್ದಾಗ ಮಾತ್ರ ಲೆಕ್ಕ ಸಡಿಲ, 67 ಸಾಕು. ಆಗ ಮೂರನೇ ಬೇಸ್‌ನಲ್ಲಿರುವವನು ಬರೀ ಎತ್ತರದ ಕ್ಯಾಚ್‌ಗೂ ಮನೆಗೆ ಓಡಿ ಬರಬಹುದು. ಮೂರನೇ ಬೇಸ್‌ನಲ್ಲಿ ಮೊದಲ ಔಟೂ ಆಗಬೇಡ, ಮೂರನೇ ಔಟೂ ಆಗಬೇಡ ಎಂದು ಬೇಸ್‌ಬಾಲ್ ಕಲಿಸುವವರು ಮಕ್ಕಳಿಗೆ ಹೇಳಿಕೊಡುವ ಹಳೆಯ ಪಾಠ. ಕಂಪ್ಯೂಟರ್ ಬರುವ ಮೊದಲೇ ಅನುಭವದಿಂದ ಕಂಡುಕೊಂಡದ್ದನ್ನು ಅಂಕಿಗಳು ಹಾಗೇ ಒಪ್ಪಿದವು.

ಹೋಮ್ ರನ್ ಹೆಚ್ಚಿದ್ದು ಈ ಲೆಕ್ಕವನ್ನೂ ಮುಟ್ಟಿತು. ಮುಂದಿನವನು ಗೋಡೆ ದಾಟಿಸಿದರೆ ಎರಡರಲ್ಲಿದ್ದವನೂ ಮೂರರಲ್ಲಿದ್ದವನೂ ಒಂದೇ ರೀತಿ ನಡೆದುಕೊಂಡು ಮನೆಗೆ ಬರುತ್ತಾರೆ. ಮುಂದಿನವನು ಸ್ಟ್ರೈಕ್‌ಔಟ್ ಆದರೆ ಇಬ್ಬರೂ ಇದ್ದಲ್ಲೇ ಇರುತ್ತಾರೆ. ಈ ಎರಡೂ ಹೆಚ್ಚಿದಂತೆ ಒಂದು ಬೇಸ್ ಮುಂದಿರುವುದರ ಬೆಲೆ ಇಳಿಯುತ್ತದೆ. ಓವನ್ ವಿಲ್ಸನ್ ಕಾಲದಲ್ಲಿ ಬೆನ್ನ ಹಿಂದೆ ಹೋಮ್ ರನ್ ಹೊಡೆಯುವವನು ಇರಲಿಲ್ಲ, ಸಿಕ್ಕಿದ ಪ್ರತಿ ಬೇಸ್ ಬಂಗಾರ.

ಒಂದು ಕೆಟ್ಟ ಅಭ್ಯಾಸವೂ ಇಲ್ಲಿ ಸೇರಿಕೊಂಡಿದೆ. ಗೋಡೆ ದಾಟಿತೆಂದು ನಂಬಿದ ಬ್ಯಾಟರ್ ಚೆಂಡನ್ನು ನೋಡುತ್ತಾ ಎರಡು ಹೆಜ್ಜೆ ನಡೆಯುತ್ತಾನೆ. ಚೆಂಡು ಗೋಡೆಯ ತುದಿಗೆ ಬಡಿದು ಒಳಗೇ ಬಿದ್ದಾಗ ಒಂದು ಸೆಕೆಂಡು ಆಗಲೇ ಕಳೆದುಹೋಗಿರುತ್ತದೆ. ಆ ಒಂದು ಸೆಕೆಂಡು ಟ್ರಿಪಲ್‌ಗೂ ಡಬಲ್‌ಗೂ ನಡುವಿನ ಪೂರ್ತಿ ಅಂತರ.

## ಬೇಸ್ ದೊಡ್ಡದಾದರೂ ಟ್ರಿಪಲ್ ಮರಳಲಿಲ್ಲ

2023ರಲ್ಲಿ ಲೀಗ್ ಹಲವು ನಿಯಮ ಬದಲಿಸಿತು. 15 ಇಂಚು ಚೌಕದ ಬೇಸ್‌ಗಳನ್ನು 18 ಇಂಚಿಗೆ ಹಿಗ್ಗಿಸಿತು. ಪಿಚರ್ ಓಟಗಾರನನ್ನು ಬೆದರಿಸಿ ಬೇಸ್‌ಗೆ ಎಸೆಯುವುದಕ್ಕೂ ಮಿತಿ ಹಾಕಿತು. ಎಸೆತದ ನಡುವೆ ಓಡಿ ಮುಂದಿನ ಬೇಸ್ ಕದಿಯುವುದು 2022ರಲ್ಲಿ 2,486 ಸಲ ನಡೆದಿದ್ದರೆ 2023ರಲ್ಲಿ 3,503ಕ್ಕೆ ಜಿಗಿಯಿತು. ಟ್ರಿಪಲ್‌ನಲ್ಲಿ ಅಂಥ ಜಿಗಿತವಿಲ್ಲ.

ಕಾರಣ ಅಳತೆಯಲ್ಲೇ ಇದೆ. ಬೇಸ್ ದೊಡ್ಡದಾದ್ದರಿಂದ ಹೋಮ್ ಪ್ಲೇಟ್‌ನಿಂದ ಮೊದಲ ಬೇಸ್‌ಗೆ 3 ಇಂಚು, ಆಮೇಲಿನ ಎರಡು ಅಂತರಗಳಲ್ಲಿ ನಾಲ್ಕೂವರೆ ಇಂಚಿನಂತೆ ದೂರ ತಗ್ಗಿತು. ಒಟ್ಟು 12 ಇಂಚು, ಒಂದು ಅಡಿ. 270 ಅಡಿ ಓಡುವವನಿಗೆ ಅದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಬೇಸ್ ಕದಿಯುವುದು ಕೂದಲೆಳೆಯ ಅಂತರದ ಆಟ, ಅಲ್ಲಿ ಇಂಚಿಗೂ ಬೆಲೆಯಿದೆ. ಟ್ರಿಪಲ್‌ನ ಎದುರಾಳಿ ಗೋಡೆ ಮತ್ತು ಔಟ್‌ಫೀಲ್ಡರ್, ಈ ನಿಯಮಗಳು ಅವರ ಜಾಗವನ್ನು ಮುಟ್ಟಲಿಲ್ಲ.

## ಈಗಲೂ ಹೊಡೆಯುವವರು ಯಾರು, ಎಲ್ಲಿ

ಅರಿಜೋನದ ಕಾರ್ಬಿನ್ ಕ್ಯಾರಲ್ 2024ರಲ್ಲಿ 14, 2025ರಲ್ಲಿ 17 ಟ್ರಿಪಲ್ ಹೊಡೆದಿದ್ದಾರೆ. ಎಡಗೈ ಬ್ಯಾಟರ್, ಅತಿ ವೇಗದ ಓಟಗಾರ. ಅವರ ತವರು ಚೇಸ್ ಫೀಲ್ಡ್‌ನಲ್ಲಿ ಮಧ್ಯದ ಗೋಡೆ 407 ಅಡಿ, ಅದರ ಎರಡೂ ಪಕ್ಕದ ಮೂಲೆ 413 ಅಡಿ. ಬೇಕಾದ ಮೂರೂ ಒಬ್ಬರಲ್ಲೇ ಕೂಡಿಬಂದಿದೆ. 2024ರಲ್ಲಿ ಬಾಸ್ಟನ್‌ನ ಜ್ಯಾರನ್ ಡ್ಯುರಾನ್ ಕೂಡ 14 ಹೊಡೆದರು, ಅವರೂ ಎಡಗೈ ಬ್ಯಾಟರ್, ಅವರೂ ವೇಗಿ.

ಮೈದಾನಗಳಲ್ಲಿ ಡೆನ್ವರ್‌ನ ಕೂರ್ಸ್ ಫೀಲ್ಡ್ ವಿಶೇಷ. ಆ ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ. ಹೋಮ್ ರನ್ ಅತಿಯಾಗದಿರಲೆಂದು ಗೋಡೆಗಳನ್ನು ದೂರ ಇಟ್ಟರು. ಅದರಿಂದ ಹುಲ್ಲುಹಾಸು ವಿಶಾಲವಾಯಿತು, ಮೂವರೇ ಫೀಲ್ಡರ್‌ಗಳ ನಡುವೆ ಸಂದಿ ದೊಡ್ಡದಾಯಿತು. ಹೋಮ್ ರನ್ ತಡೆಯಲು ಮಾಡಿದ ಉಪಾಯ ಟ್ರಿಪಲ್‌ಗೆ ಜಾಗ ಮಾಡಿಕೊಟ್ಟಿತು.

## ಟ್ರಿಪಲ್ ಬರುವುದನ್ನು ಗುರುತಿಸುವುದು ಹೇಗೆ

ಪಂದ್ಯ ನೋಡುವಾಗ ಚೆಂಡು ಬಲ ಮೂಲೆಗೋ ಬಲ ಮಧ್ಯದ ಸಂದಿಗೋ ನುಗ್ಗಿದರೆ ಚೆಂಡಿನಿಂದ ಕಣ್ಣು ತೆಗೆಯಿರಿ. ಮೊದಲು ಫೀಲ್ಡರ್‌ನ ಬೆನ್ನು ನೋಡಿ, ಅವನು ಗೋಡೆಯ ಕಡೆ ಮುಖ ಮಾಡಿ ಓಡುತ್ತಿದ್ದರೆ ಅವಕಾಶ ಇದೆ. ಆಮೇಲೆ ಓಟಗಾರನನ್ನು ನೋಡಿ. ಮೊದಲ ಬೇಸ್‌ಗೆ ಮುಂಚೆಯೇ ಅಗಲವಾಗಿ ಬಾಗಿದ್ದರೆ ಅವನ ಮನಸ್ಸಿನಲ್ಲಿ ಮೂರು ಇದೆ. ಎರಡನೇ ಬೇಸ್ ಸಮೀಪಿಸಿದಾಗ ಚೆಂಡು ಅವನ ಬೆನ್ನ ಹಿಂದೆ ಇರುತ್ತದೆ, ತಿರುಗಿ ನೋಡಿದರೆ ವೇಗ ಕುಗ್ಗುತ್ತದೆ. ಹಾಗಾಗಿ ಅವನು ತಲೆ ಎತ್ತಿ ಮೂರನೇ ಬೇಸ್ ಪಕ್ಕದಲ್ಲಿ ನಿಂತ ಕೋಚ್ ಕಡೆ ನೋಡುತ್ತಾನೆ. ಕೋಚ್ ಎರಡೂ ಅಂಗೈ ಮುಂದೆ ಚಾಚಿದ್ದರೆ ಎರಡರಲ್ಲೇ ನಿಲ್ಲು ಎಂದರ್ಥ. ತೋಳನ್ನು ಗಿರಗಿರನೆ ತಿರುಗಿಸುತ್ತಿದ್ದರೆ ಬಾ, ಬಾ ಎನ್ನುತ್ತಿದ್ದಾನೆ. ಆ ಹೊತ್ತಿಗೆ ಹುಲ್ಲಿನ ಮೇಲಿನ ಕಟ್‌ಆಫ್ ಚೆಂಡು ಹಿಡಿದು ತಿರುಗುತ್ತಿರುತ್ತಾನೆ, ಓಟಗಾರನಿಗೆ ಇನ್ನೂ ಮೂವತ್ತು ನಲವತ್ತು ಅಡಿ ಬಾಕಿ ಇರುತ್ತದೆ. ಕೋಚ್ ಕೈಯನ್ನು ನೆಲದ ಕಡೆ ಒತ್ತಿ ತೋರಿಸಿದರೆ ಚೆಂಡು ಹತ್ತಿರ ಬಂದಿದೆ, ಜಾರಿಕೊಂಡು ಬಾ ಎಂದು. ಓಟಗಾರ ಮಣ್ಣಿನ ಮೇಲೆ ಉದ್ದಕ್ಕೆ ಚಾಚಿ ಬೀಳುತ್ತಾನೆ, ಚೆಂಡು ಹಿಡಿದ ಗವಸು ಅವನ ಮೇಲೆ ಇಳಿಯುತ್ತದೆ, ಅಂಪೈರ್ ಎರಡೂ ತೋಳುಗಳನ್ನು ಅಗಲಕ್ಕೆ ಚಾಚುತ್ತಾನೆ: ಸೇಫ್.